ಕ್ರ್ಯಾಕ್ ತಂತ್ರಾಂಶ ಮತ್ತು ಗಿರಾಕಿಯ ಆಧಾರ್

ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿ ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಬಾಡಿಗೆ ಕರಾರು, ಬ್ಯಾಂಕ್ ಅರ್ಜಿ, ಲಗ್ನಪತ್ರಿಕೆಯ ಕರಡು, ಜೂನ್ ಬಂತೆಂದರೆ ಕಾಲೇಜು ಸೇರುವವರ ಸಾಲು. ಹೆಚ್ಚಿನವರು ಮೊದಲು ಕೇಳುವುದು, "ನಿಮ್ಮ ವಾಟ್ಸ್ಆ್ಯಪ್ ನಂಬರ್ ಕೊಡಿ ಮೇಡಂ, ಆಧಾರ್ ಕಳಿಸುತ್ತೇನೆ." ಪಿಡಿಎಫ್ ಬರುತ್ತದೆ, ಬೆನ್ನಿಗೇ ಪಾಸ್‌ವರ್ಡ್ ಕೂಡ. ಬಾರದಿದ್ದರೂ ಊಹಿಸಬಹುದು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ. ಬಡಾವಣೆಯ ಎಷ್ಟೋ ಜನರ ವಿಳಾಸ, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ ನನ್ನ ಮೇಜಿನ ಕಂಪ್ಯೂಟರನ್ನು ಹಾದುಹೋಗುತ್ತವೆ.

ಆದ್ದರಿಂದಲೇ ಕದ್ದ ತಂತ್ರಾಂಶದ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಇಂಥ ಕಂಪ್ಯೂಟರಿನಲ್ಲಿ ಅದು ಇರಕೂಡದು. "ಸಾವಿರಾರು ರೂಪಾಯಿ ಏಕೆ ಸುರಿಯುತ್ತೀರಿ, ಪೆನ್ ಡ್ರೈವಿನಲ್ಲಿ ತಂದು ಹಾಕಿಕೊಡುತ್ತೇನೆ" ಎನ್ನುವವರು ಇಂದಿಗೂ ಸಿಗುತ್ತಾರೆ. ಹಾಗೆ ಲೈಸೆನ್ಸಿನ ಬೀಗ ಮುರಿದ ಪ್ರತಿ, ಅಂದರೆ ಕ್ರ್ಯಾಕ್, ಓಡಬೇಕಾದರೆ ಸಾಮಾನ್ಯವಾಗಿ ಮೊದಲು ಆಂಟಿವೈರಸ್ ನಿಲ್ಲಿಸಬೇಕು, ಆಮೇಲೆ ಅಪ್‌ಡೇಟ್ ಬಂದ್ ಮಾಡಬೇಕು. ಅದರೊಳಗೆ ಇನ್ನೇನು ಸೇರಿಸಿದ್ದಾರೋ, ತಂದು ಹಾಕಿದವರಿಗೂ ಗೊತ್ತಿರುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಉದ್ದಗಲಕ್ಕೂ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆಗ ಬೆಂಬಲದಲ್ಲಿದ್ದ ವಿಂಡೋಸ್‌ಗಳಿಗೆ ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಗೊತ್ತಿದ್ದೂ ಕಳ್ಳಪ್ರತಿ ಬಳಸುವವರಿಗೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ 3 ವರ್ಷದವರೆಗೆ ಜೈಲೂ ಇದೆ. ನನಗೆ ಅದಕ್ಕಿಂತ ದೊಡ್ಡ ಭಯ, ನಂಬಿ ಕಾಗದ ಕೊಟ್ಟವರ ದುಡ್ಡು ನನ್ನ ಅಂಗಡಿಯ ದೆಸೆಯಿಂದ ಹೋಗಬಾರದೆಂಬುದು.

ಡಿಟಿಪಿಯವರ ಸಂಕಟವೂ ನನಗೆ ಗೊತ್ತು. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರಿನ 7ನೇ ಆವೃತ್ತಿ ಬಂದದ್ದು 2001ರಲ್ಲಿ. ಪೇಜ್‌ಮೇಕರ್ 8 ಬರಲೇ ಇಲ್ಲ. ಈಗ ಮೊಬೈಲು, ಜಾಲತಾಣಗಳಲ್ಲಿ ಬಳಸುವ ಯೂನಿಕೋಡ್ ಕನ್ನಡ ಅದರಲ್ಲಿ ಮೂಡುವುದಿಲ್ಲ. ಆದರೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕೂರಿಸಿದ ಎಷ್ಟೋ ಪುಸ್ತಕಗಳ ಕಡತಗಳು ಅದರಲ್ಲೇ ಉಳಿದಿವೆ, ಸುಲ್ತಾನಪೇಟೆಯ ಲಗ್ನಪತ್ರಿಕೆಯ ಮಾದರಿಗಳೂ ಅಷ್ಟೆ. ಆ ಕಡತ ತೆರೆಯಲೇಬೇಕೆಂದು ಪೇಜ್‌ಮೇಕರಿನ ಕಳ್ಳಪ್ರತಿ ಇಟ್ಟುಕೊಂಡವರನ್ನು ಕಳ್ಳರೆಂದು ಬೈಯಲು ನನಗೆ ಬಾಯಿ ಬಾರದು. ಅದು ಇರುವ ಹಳೆಯ ಕಂಪ್ಯೂಟರಿಗೆ ಇಂಟರ್ನೆಟ್ ತಂತಿ ಸಿಕ್ಕಿಸಬೇಡಿ, ಗಿರಾಕಿಯ ಕಾಗದಪತ್ರ ಅದರ ಹತ್ತಿರ ಸುಳಿಯದಿರಲಿ ಎಂದಷ್ಟೇ ಕೇಳುತ್ತೇನೆ. ಹೊಸ ಕೆಲಸಕ್ಕಂತೂ ನೆಪವಿಲ್ಲ. ಸ್ಕ್ರೈಬಸ್, ಲಿಬ್ರೆ ಆಫೀಸ್ ಎರಡೂ ಉಚಿತ. ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ, ಪ್ರೆಸ್ಸಿನವರಿಗೆ ಬೇಕಾದ ಪಿಡಿಎಫ್ ಸಲೀಸಾಗಿ ಸಿಗುತ್ತದೆ. ಕಲಿಯಲು ಸ್ವಲ್ಪ ದಿನ ಹಿಡಿಯುತ್ತದೆ, ನಿಜ.

ಇನ್ನು ಮೊಬೈಲ್. ಹಿರಿಯರು ಲಾಕ್ ತೆಗೆದ ಫೋನನ್ನೇ ಕೈಗಿಟ್ಟು, "ನೀನೇ ಹುಡುಕಿಕೊಳ್ಳಮ್ಮ" ಎನ್ನುತ್ತಾರೆ. ನಾನು ಮುಟ್ಟುವುದಿಲ್ಲ, ಪಕ್ಕದಲ್ಲಿ ನಿಂತು ಎಲ್ಲಿ ಒತ್ತಬೇಕೆಂದು ಹೇಳುತ್ತೇನೆ. ಹುಡುಗರು ಬೇರೆ ಅಂಗಡಿಗಳಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದು ಹಾಗೆಯೇ ಎದ್ದು ಬಂದಿರುತ್ತಾರೆ. ಅವರ ಫೋನಿನಲ್ಲಿ ಲಿಂಕ್ಡ್ ಡಿವೈಸಸ್ ತೆರೆಸಿ, ಗುರುತಿಲ್ಲದ ಕಂಪ್ಯೂಟರುಗಳಿಂದ ಲಾಗ್ ಔಟ್ ಮಾಡಿಸಿಯೇ ಕಳಿಸುತ್ತೇನೆ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ನಮ್ಮ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿದಾರೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಿತು. ನನ್ನ ದೃಷ್ಟಿಯಲ್ಲಿ ಆ ಪ್ರಕಟಣೆಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಮಾಸ್ಕ್ಡ್ ಪ್ರತಿ ಇಂದಿಗೂ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಬಾಡಿಗೆ ಮನೆಗೆ, ಹೋಟೆಲ್ ಕೋಣೆಗೆ ಎಂದು ಯಾರಾದರೂ ಆಧಾರ್ ಜೆರಾಕ್ಸ್ ಕೇಳಿದರೆ ಮೊದಲು ಅದನ್ನೇ ಇಳಿಸಿಕೊಳ್ಳಲು ಹೇಳುತ್ತೇನೆ. ಪ್ರಿಂಟ್ ಕೊಟ್ಟ ಮೇಲೆ ಗಿರಾಕಿಯ ಕಣ್ಣೆದುರಿಗೇ ಕಡತ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡುತ್ತೇನೆ. ನೀವು ಹೋಗುವ ಅಂಗಡಿಯಲ್ಲೂ ಹಾಗೆ ಮಾಡಿ ಎಂದು ಕೇಳಿ, ಕೇಳಲು ಸಂಕೋಚಪಡಬೇಡಿ.