ದಿಂಬಿನ ಮೇಲೆ ಮಲಗಿದ್ದ ಪುಸ್ತಕ

ನೆದರ್ಲೆಂಡ್ಸ್‌ನಲ್ಲಿ ಹತ್ತು ದಿನ ಇದ್ದೆ. ಕಾಲುವೆ, ಹೂವು, ಮ್ಯೂಸಿಯಂ ಎಲ್ಲ ನೋಡಿದೆ. ಫೋನ್ ತುಂಬ ಫೋಟೋಗಳಿವೆ, ಬರೆಯೋಕೆ ಏನೂ ಇಲ್ಲ. ಊಟಕ್ಕಂತೂ ಮೂರು ಹೊತ್ತೂ ತಣ್ಣನೆಯ ಬ್ರೆಡ್ಡು, ಚೀಸು. ಬರೆಯಬೇಕು ಅನ್ನಿಸಿದ್ದು ಒಂದೇ ಮಧ್ಯಾಹ್ನದ ಬಗ್ಗೆ.

ಅದು ಶುರುವಾಗಿದ್ದು ರಾಟರ್‌ಡ್ಯಾಮ್ ಪಕ್ಕದ ಸ್ಖೀಡಾಮ್‌ನಲ್ಲಿ. ಅಲ್ಲಿನ ಗಾಳಿಗಿರಣಿಗಳು ಜಗತ್ತಿನಲ್ಲೇ ಎತ್ತರದವು. ಜೆನೇವರ್ ಅನ್ನೋ ಮದ್ಯಕ್ಕೆ ಕಾಳು ಬೀಸಬೇಕಿತ್ತು, ಸುತ್ತ ಕಟ್ಟಡಗಳಿದ್ದವು, ಗಾಳಿ ಸಿಗಲೆಂದು ಅಷ್ಟೆತ್ತರ ಕಟ್ಟಿದರು. ನಾನು ಹೋಗಿದ್ದೂ ಅವನ್ನೇ ನೋಡೋಕೆ. ಮಳೆ ಬಂತು, ಚರ್ಚಿನೊಳಗೆ ಹೋದೆ. ಅಲ್ಲಿ ಸಿಕ್ಕಿದವಳು ಲಿಡ್ವಿನಾ.

1380ರಲ್ಲಿ ಹುಟ್ಟಿದವಳು. ಅಪ್ಪ ರಾತ್ರಿ ಕಾವಲುಗಾರ. ಎಂಟು ಗಂಡುಮಕ್ಕಳ ಜೊತೆ ಒಬ್ಬಳೇ ಹೆಣ್ಣುಮಗಳು. ಹದಿನೈದನೇ ವಯಸ್ಸಿನಲ್ಲಿ ಮಂಜುಗಡ್ಡೆ ಮೇಲೆ ಜಾರುತ್ತಿದ್ದಾಗ ಗೆಳತಿಯೊಬ್ಬಳು ಬಂದು ಡಿಕ್ಕಿ ಹೊಡೆದಳು. ಪಕ್ಕೆಲುಬು ಮುರಿಯಿತು. ಆಮೇಲೆ ಹಾಸಿಗೆ ಹಿಡಿದವಳು 1433ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಮೂವತ್ತೆಂಟು ವರ್ಷ! ಅದು ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ ಇದ್ದಿರಬಹುದು ಅಂತ ಈಗಿನ ಕೆಲವರ ಊಹೆ. ಬಿದ್ದವಳನ್ನೇ ಸ್ಕೇಟಿಂಗ್ ಮಾಡುವವರನ್ನು ಕಾಯುವ ಸಂತಳನ್ನಾಗಿ ಮಾಡಿದ್ದಾರೆ, ಅದು ಬೇರೆ ಮಾತು.

ನಮ್ಮ ಸೋದರತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಹನ್ನೊಂದು ವರ್ಷ ಮಲಗಿದ್ದರು. ಕೊನೆಯ ನಾಲ್ಕು ವರ್ಷ ನೋಡಿಕೊಂಡಿದ್ದು ನಾನು. ಹಾಗಾಗಿ ಗಿರಣಿ ಮರೆತೇಹೋಯಿತು.

ಅವಳ ಬದುಕಿನ ಕಥೆ ಡಚ್ ಭಾಷೆಯಲ್ಲಿ 1496ರಲ್ಲೇ ಅಚ್ಚಾಗಿತ್ತು, ಗೌಡಾ ಊರಿನಲ್ಲಿ. ನಮ್ಮ ಗೌಡರಿಗೂ ಅದಕ್ಕೂ ಸಂಬಂಧವಿಲ್ಲ, ಅಲ್ಲಿಯವರು 'ಹೌಡಾ' ಅಂತಾರೆ. ಉಳಿದಿರುವ ಪ್ರತಿಗಳು ತೀರಾ ಕಡಿಮೆ. ಒಂದನ್ನು ನೋಡಲು ಹೇಗ್‌ನ ಗ್ರಂಥಾಲಯವೊಂದಕ್ಕೆ ಹೋದೆ. ಮೊದಲ ದಿನ ಬರಿಗೈಲಿ ವಾಪಸ್. ಇಂಥ ಪುಸ್ತಕಕ್ಕೆ ಮೊದಲೇ ಬರೆದು ಕೇಳಿರಬೇಕು. ದಯವಿಟ್ಟು ಕೇಳಿಕೊಂಡೇ ಹೋಗಿ, ಪೆನ್ಸಿಲ್ ಒಯ್ಯಿರಿ, ಪೆನ್ ಒಳಗೆ ಬಿಡೋದಿಲ್ಲ. ಆ ಸಿಟ್ಟಿನಲ್ಲೇ ಸ್ಟೇಷನ್ನಿಂದ ಹೊರಬರುವಾಗ ಕಾರ್ಡ್ ಮುಟ್ಟಿಸೋದು ಮರೆತೆ. ಜಾಸ್ತಿ ದುಡ್ಡು ಹೋಯಿತು. ಇಳಿದ ಮೇಲೂ ಕಾರ್ಡ್ ಮುಟ್ಟಿಸಬೇಕು, ನೆನಪಿರಲಿ.

ಎರಡು ದಿನ ಬಿಟ್ಟು ಮತ್ತೆ ಹೋದಾಗ ಸಿಬ್ಬಂದಿ ಹೆಂಗಸು ಎರಡು ಸ್ಪಂಜಿನ ದಿಂಬು ತಂದು ಇಟ್ಟರು. ಆಮೇಲೆ ಪುಸ್ತಕವನ್ನು ಅಂಗೈ ಮೇಲೆ ತಂದು ಮಲಗಿಸಿದರು. ದಪ್ಪ ಕಪ್ಪು ಅಕ್ಷರ, ಒಂದಕ್ಕೊಂದು ಅಂಟಿಕೊಂಡ ಹಾಗೆ. ಅಲ್ಲಲ್ಲಿ ಕೈಯಲ್ಲೇ ಬರೆದ ಕೆಂಪು ಅಕ್ಷರ. ಒಂದು ಹುಳು ಹಲವು ಹಾಳೆ ದಾಟಿ ಸಣ್ಣ ತೂತು ಕೊರೆದಿತ್ತು. ಹುಡುಗಿ ಮಂಜಿನ ಮೇಲೆ ಬೀಳುವ ಆ ಪ್ರಸಿದ್ಧ ಚಿತ್ರಕ್ಕಾಗಿ ಹುಡುಕಿದೆ. ಅದು ಇದರಲ್ಲಲ್ಲ ಅಂದರು. ಅದಿರೋದು ಬ್ರುಗ್ಮನ್ ಎಂಬ ಪಾದ್ರಿ ಬರೆದ ಲ್ಯಾಟಿನ್ ಪುಸ್ತಕದಲ್ಲಿ. ಅಚ್ಚಾಗಿದ್ದು 1498, ಸ್ಖೀಡಾಮ್‌ನಲ್ಲೇ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ವರ್ಷ.

"ಸರಿ, ನೋಡಿಕೊಂಡವರು ಯಾರು? ಅದು ಬರೆದಿದೆಯಾ?" ಅಂತ ಕೇಳಿದೆ.

ಆಕೆ ನನ್ನ ಮುಖ ನೋಡಿದರು. ಎಲ್ಲರೂ ಪವಾಡ ಕೇಳುತ್ತಾರಂತೆ. ಊಟವಿಲ್ಲದೆ ಬದುಕಿದಳು ಅಂತ 1421ರಲ್ಲಿ ಊರಿನ ಅಧಿಕಾರಿಗಳೇ ಪತ್ರ ಬರೆದುಕೊಟ್ಟಿದ್ದಾರೆ, ಅದನ್ನು ಕೇಳುತ್ತಾರಂತೆ. "ಪೆಟ್ರೊನೆಲ್ಲಾ," ಅಂದರು. "ಅವಳ ನಿಖ್ಟ್."

"ನಿಖ್ಟ್ ಅಂದರೆ?"

"ಅಣ್ಣತಮ್ಮಂದಿರ ಮಗಳು. ಅಥವಾ ಅಕ್ಕತಂಗಿಯರ ಮಗಳು. ಅಥವಾ ಚಿಕ್ಕಪ್ಪನ ಮಗಳು, ಮಾವನ ಮಗಳು."

"ಅಷ್ಟೆಲ್ಲದಕ್ಕೂ ಒಂದೇ ಪದಾನಾ?"

ಆಕೆಗೆ ನಗು ಬಂತು. ಪೆಟ್ರೊನೆಲ್ಲಾ ಯಾರ ಮಗಳು ಅಂತ ಕೇಳಿದೆ. ಅಣ್ಣನ ಮಗಳು. ಹಾಗಾದರೆ ಲಿಡ್ವಿನಾ ಅವಳಿಗೆ ಸೋದರತ್ತೆ, ನಮ್ಮಲ್ಲಿ ಅದಕ್ಕೆ ಬೇರೆಯೇ ಪದ ಇದೆ ಅಂದೆ. ಆಕೆ "ಸೋ-ದ-ರತ್ತೆ" ಅಂತ ಎರಡು ಸಲ ಹೇಳಿ ನೋಡಿದರು. "ರ" ಗಂಟಲಿಂದ ಬಂತು.

1425ರಲ್ಲಿ ಬರ್ಗಂಡಿ ದೊರೆಯ ಕಡೆಯ ಸೈನಿಕರು ಆ ಮನೆಗೆ ನುಗ್ಗಿದರಂತೆ. ಅತ್ತೆಯನ್ನು ಬಿಡಿಸಲು ಹೋದ ಹುಡುಗಿಗೆ ಗಾಯವಾಯಿತು. ಅತ್ತೆಗಿಂತ ಮೊದಲೇ ಸತ್ತಳು. ಆಮೇಲೂ ಏಳೆಂಟು ವರ್ಷ ಲಿಡ್ವಿನಾ ಮಲಗಿಯೇ ಇದ್ದಳು. ಹಾಸಿಗೆ ಯಾರು ಬದಲಿಸಿದರು, ಹುಣ್ಣು ಯಾರು ತೊಳೆದರು? ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಐದಕ್ಕೆ ಹತ್ತು ನಿಮಿಷ ಇತ್ತು. ಆಕೆ ಪುಸ್ತಕದ ಬೆನ್ನಿನ ಕೆಳಗೆ ಎಡಗೈ ತೂರಿಸಿ, ಭಾರ ಪೂರ್ತಿ ಕೈಗೆ ಬಂದ ಮೇಲೆ ಬಲಗೈಯಿಂದ ದಿಂಬು ಎಳೆದರು. ಮೊದಲು ದಿಂಬು ಎಳೆದರೆ ಅತ್ತೆ ಬೈಯುತ್ತಿದ್ದರು.