ಪ್ಯಾಂಗ್ನಿರ್ಟಂಗ್‌ನಲ್ಲಿ ಒಂದು ಎಣ್ಣೆಸ್ನಾನ

ತಲೆ ತುಂಬ ಎಣ್ಣೆ, ಅದರ ಮೇಲೆ ಸೀಗೆಪುಡಿ, ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ನಲ್ಲಿ ಒಮ್ಮೆ ಕೆಮ್ಮಿತು. ಆಮೇಲೆ ನೀರು ನಿಂತೇ ಹೋಯಿತು.

ಇದು ನಡೆದದ್ದು ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ, ಬ್ಯಾಫಿನ್ ದ್ವೀಪದ ಪ್ಯಾಂಗ್ನಿರ್ಟಂಗ್ ಎಂಬ ಊರಲ್ಲಿ. ಆರ್ಕ್ಟಿಕ್ ವೃತ್ತಕ್ಕೆ ಐವತ್ತು ಕಿಲೋಮೀಟರ್ ಕೆಳಗೆ, ಕಡಲು ಬೆಟ್ಟಗಳ ನಡುವೆ ಒಳನುಗ್ಗಿದ ಜಾಗ. ಸುಮಾರು 1,500 ಜನ, ಹೆಚ್ಚಿನವರು ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನ. ಎಲ್ಲರೂ ಚಿಕ್ಕದಾಗಿ 'ಪ್ಯಾಂಗ್' ಅನ್ನುತ್ತಾರೆ. ನನ್ನ ಚಿಕ್ಕಮ್ಮನ ಮಗಳು ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ನರ್ಸ್. "ಬೇಸಿಗೆಯಲ್ಲಿ ಒಂದ್ಸಲ ಬಾ ಅಕ್ಕ, ಬೆಟ್ಟ ನೋಡು" ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಜುಲೈಯಲ್ಲಿ ಹೋದೆ.

ಒಟ್ಟಾವಾದಿಂದ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಮೂರು ಗಂಟೆ. ಅಲ್ಲಿಂದ ಪುಟ್ಟ ವಿಮಾನದಲ್ಲಿ ಇನ್ನೊಂದು ಗಂಟೆ. ಬೇರೆ ದಾರಿ ಇಲ್ಲ. ನುನಾವುಟ್‌ನಲ್ಲಿ ಇರುವ 25 ಊರುಗಳಲ್ಲಿ ಯಾವ ಎರಡಕ್ಕೂ ನಡುವೆ ರಸ್ತೆ ಇಲ್ಲ. ಪ್ಯಾಂಗ್‌ನಲ್ಲಿ ರನ್‌ವೇ ಊರ ನಟ್ಟನಡುವೆ ಇದೆ, ನಮ್ಮಲ್ಲಿ ರಥಬೀದಿ ಇದ್ದ ಹಾಗೆ. ನಾನು ಇಳಿದೆ, ನನ್ನ ಚೀಲ ಇಳಿಯಲಿಲ್ಲ. ತೂಕ ಜಾಸ್ತಿ ಆಯಿತೆಂದು ಹಿಂದೆಯೇ ಬಿಟ್ಟಿದ್ದರಂತೆ. ನಾಲ್ಕು ದಿನ ತಂಗಿಯ ಬಟ್ಟೆ ಹಾಕಿಕೊಂಡು ತಿರುಗಿದೆ. ಹೋಗುವವರಿಗೆ ಒಂದು ಮಾತು: ಮಾತ್ರೆ, ಒಳಬಟ್ಟೆ, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ಮಂಜು ಮುಸುಕಿದರೆ ವಿಮಾನವೇ ಬರುವುದಿಲ್ಲ, ವಾಪಸ್ ಬರುವಾಗ ಎರಡು ದಿನ ಕೈಯಲ್ಲಿ ಇಟ್ಟುಕೊಳ್ಳಿ. ನನಗೆ ಹೀಗೆ ಹೇಳುವವರು ಯಾರೂ ಇರಲಿಲ್ಲ.

ಶುಕ್ರವಾರ ಚೀಲ ಬಂತು, ಅದರೊಳಗೆ ಸೀಗೆಪುಡಿಯೂ ಬಂತು. ಶನಿವಾರ ತಂಗಿ ಡ್ಯೂಟಿಗೆ ಹೋದ ಮೇಲೆ ಊರಲ್ಲಿ ಮಾಡಿದ ಹಾಗೆ ಒಂದು ಗಂಟೆ ಬಿಸಿನೀರು ಸುರಿದುಕೊಂಡೆ. ಮುಂದಿನದು ಆಗಲೇ ಹೇಳಿದೆ.

ತಂಗಿ ಬಂದವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಅಕ್ಕಾ, ನೀರು ಖಾಲಿ ಆಗಿಲ್ಲ. ಕೊಳಕು ನೀರಿನ ಟ್ಯಾಂಕ್ ತುಂಬಿದೆ. ಅದು ತುಂಬಿದರೆ ಪಂಪ್ ತಾನಾಗಿಯೇ ನಿಲ್ಲುತ್ತದೆ. ಇನ್ನು ಸೋಮವಾರವೇ."

ಪ್ಯಾಂಗ್‌ನಲ್ಲಿ ನೆಲದಡಿ ಪೈಪು ಇಲ್ಲ. ನೆಲ ಅಗೆದರೆ ಒಳಗೆ ಬೇಸಿಗೆಯಲ್ಲೂ ಕರಗದ ಮಂಜುಗಟ್ಟಿದ ಮಣ್ಣು. ಅದಕ್ಕೇ ಪ್ರತಿ ಮನೆಯಲ್ಲಿ ಎರಡು ಟ್ಯಾಂಕ್. ಒಂದಕ್ಕೆ ಲಾರಿ ಬಂದು ನೀರು ತುಂಬಿಸುತ್ತದೆ, ಇನ್ನೊಂದನ್ನು ಬೇರೆ ಲಾರಿ ಹೀರಿಕೊಂಡು ಹೋಗುತ್ತದೆ. ಎರಡೂ ಲಾರಿ ಹ್ಯಾಮ್ಲೆಟ್‌ನವು. ಹ್ಯಾಮ್ಲೆಟ್ ಅಂದರೆ ಅಲ್ಲಿನ ಪಂಚಾಯ್ತಿ: ಆರಿಸಿ ಬಂದ ಮೇಯರ್, ಕೌನ್ಸಿಲ್, ಕಸ, ನೀರು, ರಸ್ತೆ. ನೀರಿನ ಲಾರಿಯವನನ್ನು ನಾನು ಮನಸ್ಸಲ್ಲೇ 'ನೀರುಗಂಟಿ' ಎಂದು ಕರೆದೆ. ಅವನು ಒಂದು ದಿನ ಬರದಿದ್ದರೆ ಊರೇ ಕಂಗಾಲು. 2008ರ ಜೂನ್‌ನಲ್ಲಿ ಹಾಗೇ ಆಗಿತ್ತು. ಡುವಾಲ್ ನದಿ ಉಕ್ಕಿ, ದಡದ ಮಂಜುಮಣ್ಣನ್ನು ಕೊರೆದು, ಸೇತುವೆ ಹಾಳು ಮಾಡಿತು. ಲಾರಿಗಳು ನೀರು ತುಂಬಿಸಿಕೊಳ್ಳಲು ಆಚೆ ದಡಕ್ಕೆ ಹೋಗದ ಹಾಗಾಯಿತು. ಊರಲ್ಲಿ ತುರ್ತು ಪರಿಸ್ಥಿತಿ ಸಾರಬೇಕಾಯಿತು. ಅಷ್ಟು ಕಷ್ಟದ ನೀರನ್ನು ನಾನು ಸೀಗೆಪುಡಿಗೆ ಸುರಿದಿದ್ದೆ.

ಭಾನುವಾರ ತಲೆಗೆ ಬಟ್ಟೆ ಸುತ್ತಿಕೊಂಡು ಊರು ಸುತ್ತಿದೆ. ಮನೆಗಳೆಲ್ಲ ಕಂಬದ ಮೇಲೆ ನಿಂತಿವೆ. ಮನೆಯ ಬಿಸಿ ನೆಲಕ್ಕೆ ತಾಗಿದರೆ ಮಣ್ಣು ಕರಗಿ ಮನೆ ವಾಲುತ್ತದೆ.

ಸೋಮವಾರ ಲಾರಿ ಬಂದು ಟ್ಯಾಂಕ್ ಖಾಲಿ ಮಾಡಿತು. ಪಂಪ್ ಮಾತ್ರ ಓಡಲಿಲ್ಲ. ಮಧ್ಯಾಹ್ನ ಹೌಸಿಂಗ್ ಅಸೋಸಿಯೇಷನ್‌ನಿಂದ ರಿಪೇರಿಯವರು ಬಂದರು. ಐವತ್ತು ದಾಟಿದ ಇನ್ಯುಯಿಟ್ ಮನುಷ್ಯ. ಸ್ವಿಚ್ ಅಂಟಿಕೊಂಡಿತ್ತು, ಹತ್ತು ನಿಮಿಷದ ಕೆಲಸ. ನಾನು ಶುಂಠಿ ಹಾಕಿ ಚಹಾ ಮಾಡಿದೆ. ಅವರು ಹೊರಟದ್ದು ಎರಡು ಗಂಟೆಯ ನಂತರ.

"ಇಲ್ಲಿ ಎಷ್ಟು ಜನ ಇದ್ದೀರಿ?" ಎಂದು ಕೇಳಿದರು.

"ನನ್ನ ತಂಗಿ ಒಬ್ಬಳೇ. ನಾನು ನೆಂಟಳು."

ಅವರು ಎರಡೂ ಕೋಣೆಗಳ ಕಡೆ ನೋಡಿದರು. "ನಮ್ಮ ಮನೆಯೂ ಇದೇ ಅಳತೆ. ನಾವು ಹತ್ತು ಜನ."

ದೂರು ಹೇಳುವ ದನಿ ಅಲ್ಲ ಅದು. ಹವಾಮಾನ ಹೇಳಿದ ಹಾಗೆ ಹೇಳಿದರು. ಮಕ್ಕಳು ಟಿವಿ ಆರಿಸಿದ ಮೇಲೆ ಹಾಲ್‌ನಲ್ಲಿ ಮಲಗುತ್ತಾರೆ. ಮಗಳು, ಅವಳ ಗಂಡ, ಕೂಸು ಒಂದು ಕೋಣೆಯಲ್ಲಿ. ಮಗಳ ಹೆಸರು ಮನೆಗಾಗಿ ಕಾಯುವವರ ಪಟ್ಟಿಯಲ್ಲಿ ಇದೆ. ಎಷ್ಟು ವರ್ಷದಿಂದ ಎಂದು ಕೇಳಿದೆ. "ಅವಳ ಮಗ ಈಗ ಶಾಲೆಗೆ ಹೋಗ್ತಾನೆ" ಎಂದರು.

ನುನಾವುಟ್‌ನ ಅರ್ಧಕ್ಕಿಂತ ಜಾಸ್ತಿ ಜನ ಸರಕಾರಿ ಬಾಡಿಗೆ ಮನೆಗಳಲ್ಲೇ ಇದ್ದಾರೆ. ಮನೆಗಳು ನುನಾವುಟ್ ಹೌಸಿಂಗ್ ಕಾರ್ಪೊರೇಷನ್‌ನವು. ಯಾರಿಗೆ ಕೊಡಬೇಕು, ಬಾಡಿಗೆ ವಸೂಲಿ, ರಿಪೇರಿ, ಇದೆಲ್ಲ ಊರಿನ ಅಸೋಸಿಯೇಷನ್ ಕೆಲಸ. ಮನೆಯಲ್ಲಿ ಎಷ್ಟು ಇಕ್ಕಟ್ಟು, ಇರುವುದಕ್ಕೆ ಜಾಗವೇ ಇಲ್ಲವಾ ಎಂದು ನೋಡಿ ಅಂಕ ಕೊಡುತ್ತಾರೆ. ಅಂಕ ಕೊಡುವ ಮಂಡಳಿಯಲ್ಲಿ ಊರವರೇ ಇರುತ್ತಾರೆ. ಇವರ ಅಕ್ಕ ಒಬ್ಬ ಸದಸ್ಯೆ.

"ನನ್ನ ಮಗಳ ಹೆಸರು ಓದಿದರೆ ಅಕ್ಕ ಎದ್ದು ಹೊರಗೆ ಹೋಗ್ತಾಳೆ. ಪಕ್ಕದವಳ ತಮ್ಮನ ಹೆಸರು ಬಂದರೆ ಪಕ್ಕದವಳು ಹೋಗ್ತಾಳೆ. ಒಂದೊಂದ್ಸಲ ಕೋಣೆಯಲ್ಲಿ ಯಾರೂ ಉಳಿಯೋದಿಲ್ಲ." ಜೋರಾಗಿ ನಕ್ಕರು. ನಾನೂ ನಕ್ಕೆ. ಮನೆ ಸಿಗದವರು ಮರುದಿನ ಅಂಗಡಿಯಲ್ಲಿ ಅದೇ ಅಕ್ಕನಿಗೆ ಎದುರು ಸಿಗುತ್ತಾರೆ, ಅಲ್ವಾ? ಅದನ್ನು ಕೇಳಿದಾಗ ಮಾತ್ರ ಅವರು ಕಪ್ಪನ್ನೇ ನೋಡುತ್ತಾ ಕೂತರು.

ಅವರ ಅಮ್ಮ ಹುಟ್ಟಿದ್ದು ಊರಲ್ಲಲ್ಲ, ಕಡಲ ದಂಡೆಯ ಬೇಟೆ ಬಿಡಾರದಲ್ಲಿ. 1962ರಲ್ಲಿ ರೋಗ ಬಂದು ಸುತ್ತಲಿನ ಬಿಡಾರಗಳ ಜಾರುಬಂಡಿ ನಾಯಿಗಳು ಸತ್ತವು. ನಾಯಿ ಇಲ್ಲದೆ ಬೇಟೆ ಇಲ್ಲ. ಸರಕಾರ ಜನರನ್ನು ಪ್ಯಾಂಗ್‌ಗೆ ತಂದಿಳಿಸಿತು. "ಮನೆ ಕೊಡ್ತೀವಿ, ಬಾಡಿಗೆ ತಿಂಗಳಿಗೆ ಎರಡು ಡಾಲರ್ ಅಂದಿದ್ದರಂತೆ. ಅಮ್ಮ ಸಾಯುವ ತನಕ ಆ ಎರಡು ಡಾಲರ್ ನೆನಪಿಟ್ಟಿದ್ದಳು." ಈಗ ತಿಂಗಳ ಬಾಡಿಗೆ ಕಡಿಮೆ ಅಂದರೆ 60 ಡಾಲರ್. ಕರಾರಿನಲ್ಲಿ ಹೆಸರಿರುವವರ ಸಂಬಳ ಏರಿದರೆ ಬಾಡಿಗೆಯೂ ಏರುತ್ತದೆ. ಓವರ್‌ಟೈಮ್ ಮಾಡಿದ ವರ್ಷ ಅವರ ಹೆಂಡತಿ ಬೈದಿದ್ದರಂತೆ.

"ನೀವೇ ಒಂದು ಮನೆ ಕಟ್ಟಬಹುದಲ್ಲ?" ಎಂದುಬಿಟ್ಟೆ. ಪೆದ್ದು ಪ್ರಶ್ನೆ. ಅವರು ಕಿಟಕಿಯಿಂದ ಕಡಲು ತೋರಿಸಿದರು. ಊರ ಸುತ್ತ ಒಂದು ಮರ ಇಲ್ಲ. ಹಲಗೆ, ಮೊಳೆ, ಬಾಗಿಲು ಎಲ್ಲ ದಕ್ಷಿಣದಿಂದ ಹಡಗಲ್ಲಿ ಬರಬೇಕು. ಹಡಗು ಬರುವುದು ಮಂಜು ಕರಗಿದ ಕೆಲವೇ ತಿಂಗಳು. ಒಂದು ಸಾಮಾನು ತಪ್ಪಿದರೆ ಮುಂದಿನ ಬೇಸಿಗೆ ತನಕ ಕಾಯಬೇಕು, ಇಲ್ಲವೇ ವಿಮಾನಕ್ಕೆ ದುಡ್ಡು ಸುರಿಯಬೇಕು. ನುನಾವುಟ್ ಸರಕಾರಕ್ಕೂ ಹೆಚ್ಚಿನ ದುಡ್ಡು ಒಟ್ಟಾವಾದ ಕೇಂದ್ರ ಸರಕಾರದಿಂದಲೇ ಬರಬೇಕು. 2030ರೊಳಗೆ 3,000 ಮನೆ ಎಂದು 2022ರಲ್ಲಿ ಸರಕಾರ ಹೇಳಿದ್ದನ್ನು ನಾನು ಓದಿದ್ದೆ. ಅದನ್ನು ನೆನಪಿಸಿದೆ. "ಇರಬಹುದು. ನಾನು ಎಣಿಸೋದು ದಡಕ್ಕೆ ಇಳಿದ ಕಿಟಕಿ ಬಾಗಿಲು ಮಾತ್ರ" ಎಂದರು. ಏಳುವಾಗ ನಮ್ಮ ಮುಂಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದರು. ಬಾಗಿಲು ಸಿಕ್ಕಿಹಾಕಿಕೊಂಡರೆ ಮನೆ ವಾಲುತ್ತಿದೆ ಎಂದು ಲೆಕ್ಕವಂತೆ.

ರಾತ್ರಿ ತಂಗಿಗೆ ಎಲ್ಲ ಹೇಳಿದೆ. ರಾತ್ರಿ ಅನ್ನುವುದು ಸುಮ್ನೆ ಮಾತಿಗೆ, ಹೊರಗೆ ಬೆಳಕೇ ಇತ್ತು. ಅವಳ ಮನೆ ಕೆಲಸದ ಜೊತೆ ಬಂದದ್ದು. ಹೊರಗಿನಿಂದ ಬಂದ ನರ್ಸ್, ಟೀಚರುಗಳಿಗೆ ಸಿಗುತ್ತದೆ. ಅದೇ ಆರೋಗ್ಯ ಕೇಂದ್ರದಲ್ಲಿ ದುಭಾಷಿ ಕೆಲಸ ಮಾಡುವ ಊರಿನ ಹುಡುಗಿ ಚಿಕ್ಕಪ್ಪನ ಮನೆಯ ಸೋಫಾದಲ್ಲಿ ಮಲಗುತ್ತಾಳೆ. "ನಂಗೆ ಗೊತ್ತಿಲ್ವಾ ಅಕ್ಕ?" ತಂಗಿಗೆ ಸಿಟ್ಟು ಬಂತು. "ನಾನು ಖಾಲಿ ಮಾಡಿದರೆ ಇಲ್ಲಿಗೆ ಇನ್ನೊಬ್ಬ ನರ್ಸ್ ಬರುತ್ತಾಳೆ, ಅವಳಲ್ಲ." ಆಮೇಲೆ ಇಬ್ಬರೂ ಮಾತಾಡಲಿಲ್ಲ.

ಅದಾದ ಮೇಲೆ ದೋಣಿಯಲ್ಲಿ ಔಯುಯಿಟ್ಟುಕ್ ರಾಷ್ಟ್ರೀಯ ಉದ್ಯಾನಕ್ಕೂ ಹೋಗಿಬಂದೆ, ಎರಡು ದಿನ. ಬೆಟ್ಟ ದೊಡ್ಡದು, ಗಾಳಿ ಅದಕ್ಕಿಂತ ದೊಡ್ಡದು. ಚೆನ್ನಾಗಿದೆ. ಪಕ್ಕದ ಮನೆಯವರು ಕೊಟ್ಟ ಆರ್ಕ್ಟಿಕ್ ಚಾರ್ ಮೀನಿಗೆ ನಾನು ಕುಂದಾಪುರದ ಮಸಾಲೆ ಹಚ್ಚಿ ಕಾಯಿಸಿದ್ದು ಮಾತ್ರ ಬೆಟ್ಟಕ್ಕಿಂತ ಚೆನ್ನಾಗಿತ್ತು. ಅಂಗಡಿಯ ಬಾಡಿದ ಟೊಮೆಟೊ, ಅದರ ಬೆಲೆ, ಎರಡರ ಸುದ್ದಿಯೂ ಬೇಡ.

ಉಳಿದ ದಿನಗಳಲ್ಲಿ ಒಂದು ಚೊಂಬು ನೀರಲ್ಲಿ ಮೈ ಒರೆಸಿಕೊಂಡೆ. ತಲೆಯ ಎಣ್ಣೆ ಪೂರ್ತಿ ಹೋದದ್ದು ಒಟ್ಟಾವಾದಲ್ಲಿ.

ಆಗಸ್ಟ್ ಕೊನೆಗೆ ತಂಗಿ ಫೋನ್ ಮಾಡಿದಳು. ಎರಡು ಮಾತು ಆಗುವ ಮೊದಲೇ, ಹಡಗು ಬಂತಾ ಎಂದು ಕೇಳಿದೆ.

"ಬಂತು ಅಕ್ಕ. ಹಲಗೆ ಬಂದಿದೆ, ಬಾಗಿಲು ಬಂದಿವೆ. ಕಿಟಕಿ ಬಂದಿಲ್ಲವಂತೆ."