ಗೊಂಬೆ ತೋರಿಸಿ ಅನ್ನುವವರಿಗೆ

ನಮ್ಮ ತರಬೇತಿ ಕೇಂದ್ರಕ್ಕೆ ಯಾರೇ ಬರಲಿ, ಮೊದಲು ಕೇಳುವುದು ಗೊಂಬೆಯನ್ನೇ. ಉಸಿರಾಡುತ್ತದಂತೆ, ಕಣ್ಣು ಮಿಟುಕಿಸುತ್ತದಂತೆ, ನಾಡಿಯೂ ಸಿಗುತ್ತದಂತೆ, ಹೌದಾ? ಹೌದು, ಎಲ್ಲ ಮಾಡುತ್ತದೆ. ತೋರಿಸುತ್ತೇನೆ. ಫೋಟೊ ತೆಗೆದುಕೊಂಡು ಖುಷಿಯಾಗಿ ಹೋಗುತ್ತಾರೆ. ಆದರೆ ಆಸ್ಪತ್ರೆ ಸಿಬ್ಬಂದಿಗೆ ಸಿಮ್ಯುಲೇಷನ್ ತರಬೇತಿ ನಡೆಸುವ ಮ್ಯಾನೇಜರ್ ಆಗಿ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಪಕ್ಕದ ಕೋಣೆಯ ಬಗ್ಗೆ. ಅಲ್ಲಿ ನೋಡಲು ಏನೂ ಇಲ್ಲ. ಒಂದಿಷ್ಟು ಕುರ್ಚಿ, ಒಂದು ಬಿಳಿ ಹಲಗೆ, ಒಂದು ಟಿವಿ. ಡಿಬ್ರೀಫಿಂಗ್, ಅಂದರೆ ಗೊಂಬೆಯ ಜೊತೆ ಅಭ್ಯಾಸ ಮುಗಿದ ಮೇಲೆ ಎಲ್ಲರೂ ಕೂತು ಏನಾಯಿತು ಅಂತ ಮಾತಾಡುವುದು, ನಡೆಯುವುದು ಅಲ್ಲೇ. ಆ ಕೋಣೆಗೆ ಸಿಗಬೇಕಾದ ಸಮಯವನ್ನು ಯಾರೂ ಕಿತ್ತುಕೊಳ್ಳದಂತೆ ಕಾಯುವುದೇ ನನ್ನ ಕೆಲಸದ ಮುಕ್ಕಾಲು ಭಾಗ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹೆರಿಗೆಯಾದ ಮೇಲೆ ಬಾಣಂತಿಗೆ ವಿಪರೀತ ರಕ್ತ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಗೊಂಬೆ ಮಲಗಿರುತ್ತದೆ, ಮಾನಿಟರ್‌ನಲ್ಲಿ ಬಿಪಿ ಇಳಿಯುತ್ತಿರುತ್ತದೆ, ಗಾಜಿನ ಆಚೆ ಕುಳಿತ ಟೆಕ್ನಿಷಿಯನ್ ಆ ಅಂಕಿಗಳನ್ನು ಬದಲಾಯಿಸುತ್ತಾ ಮೈಕ್‌ನಲ್ಲಿ "ನನಗೆ ತಲೆ ಸುತ್ತುತ್ತಿದೆ" ಅನ್ನುತ್ತಾರೆ. ಡಾಕ್ಟರು, ನರ್ಸ್‌ಗಳು ಎಲ್ಲ ಸೇರಿ ನಿಭಾಯಿಸಬೇಕು. ಇದಕ್ಕೆ ನಾವು ಸಿನಾರಿಯೊ ಅನ್ನುತ್ತೇವೆ, ಹತ್ತು ಹದಿನೈದು ನಿಮಿಷದ ಆಟ. ಆಮೇಲೆ ಅದರ ಎರಡರಷ್ಟು ಹೊತ್ತು ಕೂತು ಮಾತಾಡಬೇಕು. ವಾರ್ಡ್‌ನಲ್ಲಿ ಜನ ಕಡಿಮೆ ಇದ್ದಾಗ ಬರುವ ಮೊದಲ ಫೋನ್ ಏನು ಗೊತ್ತಾ? "ಸಿನಾರಿಯೊ ಮುಗಿಯಿತಲ್ಲ, ಅವರನ್ನು ಕಳಿಸಿಬಿಡಿ, ಮಾತುಕತೆ ಇನ್ನೊಂದು ದಿನ ಮಾಡಿದರಾಯಿತು." ಇಲ್ಲ, ಆಗುವುದಿಲ್ಲ. ಮಾತುಕತೆ ಇಲ್ಲದಿದ್ದರೆ ಅವರು ಮಾಡಿದ್ದನ್ನೇ ಇನ್ನಷ್ಟು ಗಟ್ಟಿ ಮಾಡಿಕೊಂಡು ಹೋಗುತ್ತಾರೆ, ಅದು ಸರಿಯಿದ್ದರೂ ಸರಿಯೇ, ತಪ್ಪಿದ್ದರೂ ಸರಿಯೇ.

ಯಂತ್ರ ಚೆನ್ನಾಗಿದ್ದರೆ ತರಬೇತಿಯೂ ಚೆನ್ನಾಗಿರುತ್ತದೆ ಅನ್ನುವ ನಂಬಿಕೆ ಹಳೆಯದು. ವಿಮಾನದವರ ಕಥೆ ನೋಡಿ. ಎಡ್ವಿನ್ ಲಿಂಕ್ 1929ರಲ್ಲೇ ನೆಲದ ಮೇಲೆ ಕೂತು ಹಾರಾಟ ಕಲಿಯುವ ಯಂತ್ರ ಕಟ್ಟಿದ್ದರು. 1934ರಲ್ಲಿ ಅಂಚೆ ಸಾಗಿಸಲು ಹೋದ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೇನೆಯವರು ಅದನ್ನು ಕೊಂಡರು. ಅಲ್ಲಿಂದ ನಾಲ್ಕು ದಶಕ ಸಿಮ್ಯುಲೇಟರ್‌ಗಳು ಸುಧಾರಿಸುತ್ತಲೇ ಬಂದವು. ಆದರೂ 1977ರಲ್ಲಿ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊ ಜೆಟ್‌ಗಳು ಮಂಜಿನಲ್ಲಿ ಡಿಕ್ಕಿಯಾಗಿ 583 ಜನ ಹೋದರು. ಅನುಮತಿ ಸಿಗದೆಯೇ ಟೇಕಾಫ್ ಶುರು ಮಾಡಿದ ಕ್ಯಾಪ್ಟನ್ ಅವರ ಕಂಪನಿಯಲ್ಲಿ ತರಬೇತಿಯ ಹಿರಿಯರು, ಸಿಮ್ಯುಲೇಟರ್‌ನಲ್ಲಿ ಪಳಗಿದವರು. ಎದುರಿನ ವಿಮಾನ ರನ್‌ವೇಯಿಂದ ಆಚೆ ಹೋಗಿಲ್ಲವೇನೋ ಅಂತ ಅವರ ಫ್ಲೈಟ್ ಎಂಜಿನಿಯರ್ ಕೇಳಿದರು. ಕ್ಯಾಪ್ಟನ್ ಹೋಗಿದೆ ಅಂದರು. ಮಾತು ಅಲ್ಲಿಗೆ ನಿಂತಿತು.

ಅಪಘಾತವನ್ನು ಆಮೇಲೆ ಪರಿಶೀಲಿಸಿದವರು ಇನ್ನೊಂದು ವಿಷಯವನ್ನೂ ಎತ್ತಿದರು, ನನ್ನ ನಿದ್ದೆ ಕೆಡಿಸುವುದು ಅದೇ. ಸಿಮ್ಯುಲೇಟರ್‌ನಲ್ಲಿ ಟೇಕಾಫ್‌ಗೆ ಅನುಮತಿ ಕೊಡುವವರೂ ಕಲಿಸುವವರೇ, ಎಷ್ಟೋ ಸಲ ಸಮಯ ಉಳಿಸಲು ಅನುಮತಿ ಕೇಳುವ ಹಂತವನ್ನೇ ಬಿಟ್ಟುಬಿಡುತ್ತಿದ್ದರು. ಸಮಯ ಉಳಿಸಲು!

ಅದಕ್ಕೇ ನಮ್ಮಲ್ಲಿ ಒಂದು ಮಾತಿಗೆ ನಿಷೇಧವಿದೆ: "ಕೊಟ್ಟೆ ಅಂದುಕೊಳ್ಳಿ." ಅಡ್ರಿನಲಿನ್ ಕೊಟ್ಟೆ ಅಂದುಕೊಳ್ಳಿ, ರಕ್ತ ತರಿಸಿದೆ ಅಂದುಕೊಳ್ಳಿ. ಹೀಗೆ ಅಂದುಕೊಂಡೇ ಕಲಿತವರಿಗೆ ಔಷಧಿ ತೆಗೆಯಲು, ಸಿರಿಂಜ್‌ಗೆ ತುಂಬಲು, ಲೇಬಲ್ ಅಂಟಿಸಲು ಸಮಯ ಬೇಕು ಅನ್ನುವುದೇ ಮರೆತುಹೋಗುತ್ತದೆ. ಆಂಪೂಲ್, ಅಂದರೆ ಔಷಧಿಯ ಪುಟ್ಟ ಗಾಜಿನ ಸೀಸೆ, ಒಡೆಯಬೇಕು, ತುಂಬಬೇಕು, ಡೋಸ್ ಜೋರಾಗಿ ಹೇಳಬೇಕು. ನಮಗೆ ಇದರಿಂದ ಖರ್ಚು ಜಾಸ್ತಿ, ತಲೆನೋವೂ ಜಾಸ್ತಿ, ಯಾಕೆಂದರೆ ತರಬೇತಿಯ ನೀರು ತುಂಬಿದ ಬಾಟಲಿ ಅಪ್ಪಿತಪ್ಪಿಯೂ ನಿಜವಾದ ವಾರ್ಡ್ ಸೇರಬಾರದು. 2014ರಲ್ಲಿ ಅಮೆರಿಕದಲ್ಲಿ ಹಾಗೇ ಆಗಿತ್ತು. ತರಬೇತಿಗೆಂದೇ ಮಾಡಿದ, ಸ್ಟೆರೈಲ್ ಅಲ್ಲದ ಸಲೈನ್ ಚೀಲಗಳು ಕ್ಲಿನಿಕ್‌ಗಳಿಗೆ ಹೋಗಿ, ರೋಗಿಗಳಿಗೆ ಏರಿಸಿ, ಜನ ಕಾಯಿಲೆ ಬಿದ್ದರು. ಆದ್ದರಿಂದ ನಮ್ಮ ಸ್ಟೋರ್‌ಗೆ ಬೇರೆ ಬೀಗ, ಬೇರೆ ಬಣ್ಣದ ಲೇಬಲ್. ಸೆಷನ್ ಮುಗಿದ ಮೇಲೆ ಎಲ್ಲವನ್ನೂ ಎಣಿಸಿ ಒಳಗಿಡುವ ತನಕ ಟೆಕ್ನಿಷಿಯನ್ ಮನೆಗೆ ಹೋಗುವ ಹಾಗಿಲ್ಲ. ಬೇಜಾರಿನ ಕೆಲಸ, ಆದರೆ ಮಾಡಲೇಬೇಕು.

ಟೆನೆರಿಫ್ ಆದ ಎರಡು ವರ್ಷಕ್ಕೆ, 1979ರಲ್ಲಿ, ನಾಸಾ ಒಂದು ಕಾರ್ಯಾಗಾರ ನಡೆಸಿತು. ವಿಮಾನ ಓಡಿಸುವ ಕೈಚಳಕದ ಜೊತೆಗೆ ಕಾಕ್‌ಪಿಟ್‌ನಲ್ಲಿ ಜನ ಹೇಗೆ ಮಾತಾಡುತ್ತಾರೆ ಅನ್ನುವುದನ್ನೂ ಕಲಿಸಬೇಕು ಅನ್ನುವ ಯೋಚನೆ ಅಲ್ಲಿಂದ ಬೆಳೆಯಿತು. ಅದನ್ನು ಅರಿವಳಿಕೆ ವೈದ್ಯರ ತರಬೇತಿಗೆ ತಂದವರು ಸ್ಟ್ಯಾನ್‌ಫರ್ಡ್‌ನ ಡೇವಿಡ್ ಗಾಬಾ ಮತ್ತು ಅವರ ತಂಡ. ನಾವು ಇವತ್ತು ಮಾಡುವುದೆಲ್ಲ ಅದರ ಮುಂದುವರಿಕೆಯೇ.

ಡಿಬ್ರೀಫಿಂಗ್‌ನಲ್ಲಿ ನಡೆಯುವುದು ಇಷ್ಟು. ಮೊದಲು ಅವರ ಮನಸ್ಸಿನಲ್ಲಿ ಇರುವುದು ಹೊರಗೆ ಬರಲಿ ಅಂತ ಬಿಡಬೇಕು: "ಅಯ್ಯೋ, ಕೈ ನಡುಗಿತು", "ಆ ಮಾನಿಟರ್ ಸರಿ ಇರಲಿಲ್ಲ". ಇರಲಿ. ಆಮೇಲೆ ಒಂದು ವಿಷಯ ಹಿಡಿದುಕೊಳ್ಳಬೇಕು. ಒಂದೇ, ಹೆಚ್ಚೆಂದರೆ ಎರಡು. ಹೃದಯ ನಿಂತ ರೋಗಿಯ ಸಿನಾರಿಯೊ ಅಂತಿಟ್ಟುಕೊಳ್ಳಿ. "ಎದೆ ಒತ್ತುವುದು ಸುಮಾರು ಹೊತ್ತು ನಿಂತಿತ್ತು, ನೀವು ಎರಡು ಸಲ ಗಡಿಯಾರ ನೋಡಿದಿರಿ, ಆದರೆ ಏನೂ ಹೇಳಲಿಲ್ಲ. ನಿಮ್ಮ ತಲೆಯಲ್ಲಿ ಏನು ಓಡುತ್ತಿತ್ತು?" ಈ ಪ್ರಶ್ನೆ ಕೇಳಿ ಸುಮ್ಮನಿರಬೇಕು. ಹೊಸ ಇನ್‌ಸ್ಟ್ರಕ್ಟರ್‌ಗಳಿಗೆ ಅತಿ ಕಷ್ಟವಾಗುವುದು ಈ ಸುಮ್ಮನಿರುವುದೇ. ಎರಡು ಸೆಕೆಂಡ್ ಆಗುವುದರೊಳಗೆ ತಾವೇ ಉತ್ತರ ಹೇಳಿ ಪಾಠ ಶುರು ಮಾಡುತ್ತಾರೆ. ಕಾದರೆ ಆ ನರ್ಸ್ ನಿಧಾನಕ್ಕೆ ಹೇಳುತ್ತಾರೆ: "ಸರ್‌ಗೆ ಗೊತ್ತಿದೆ ಅಂದುಕೊಂಡೆ." ಸರ್ ಅಲ್ಲೇ ಕೂತಿರುತ್ತಾರೆ. "ನನಗೆ ಗೊತ್ತೇ ಆಗಲಿಲ್ಲ ಸಿಸ್ಟರ್, ನಾನು ಉಸಿರಿಗೆ ಟ್ಯೂಬ್ ಹಾಕುವುದರಲ್ಲಿ ಇದ್ದೆ" ಅನ್ನುತ್ತಾರೆ. ನಾನು ಸಂಬಳ ತೆಗೆದುಕೊಳ್ಳುವುದು ಈ ಎರಡು ಮಾತು ಒಂದೇ ಕೋಣೆಯಲ್ಲಿ ಆಗಲಿ ಅಂತ.

ಇಂಥ ಮಾತು ಹೊರಗೆ ಹೋಗುತ್ತದೆ ಅಂತ ಗೊತ್ತಾದರೆ ಯಾರಾದರೂ ಬಾಯಿ ಬಿಡುತ್ತಾರಾ? ಆದರೆ ಮೇಲಿನವರು ಕೇಳುತ್ತಲೇ ಇರುತ್ತಾರೆ. ಯಾರು ಚೆನ್ನಾಗಿ ಮಾಡಿದರು, ಯಾರು ಮಾಡಲಿಲ್ಲ, ಒಂದು ಪಟ್ಟಿ ಕೊಡಿ. ಕೊಡುವುದಿಲ್ಲ. ಪರೀಕ್ಷೆ ಬೇಕಿದ್ದರೆ ಪರೀಕ್ಷೆ ಅಂತ ಮೊದಲೇ ಹೇಳಿ, ಬೇರೆ ದಿನ, ಅಂಕದ ಹಾಳೆ ಇಟ್ಟುಕೊಂಡು ಮಾಡೋಣ. ಕಲಿಯುವ ದಿನ ವಿಡಿಯೊ ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಅನ್ನುವುದನ್ನು ಬಾಗಿಲಲ್ಲೇ ಹೇಳಬೇಕು, ಹೇಳಿದ ಹಾಗೆ ಅಳಿಸಲೂಬೇಕು. ಒಂದು ಸಲ ಒಬ್ಬರ ಕ್ಲಿಪ್ ಎಲ್ಲಾದರೂ ಹರಿದಾಡಿತು ಅಂದರೆ ಮುಗಿಯಿತು, ಮುಂದಿನ ಎಲ್ಲ ಬ್ಯಾಚ್‌ನವರೂ ಕ್ಯಾಮೆರಾಗೆ ನಾಟಕ ಮಾಡುತ್ತಾರೆ.

ಪಟ್ಟಿ ಬೇಕೇ ಬೇಕು ಅನ್ನುವವರಿಗೆ ನಾನು ಇನ್ನೊಂದು ಪಟ್ಟಿ ಕೊಡುತ್ತೇನೆ. ಗೊಂಬೆಯನ್ನು ವಾರ್ಡ್‌ಗೇ ತೆಗೆದುಕೊಂಡು ಹೋಗಿ, ಅವರದೇ ಸಾಮಾನು, ಅವರದೇ ಜಾಗದಲ್ಲಿ ಸಿನಾರಿಯೊ ನಡೆಸಿದಾಗ ಸಿಗುವ ಪಟ್ಟಿ ಅದು. ಹೆರಿಗೆಯ ರಕ್ತಸ್ರಾವ ನಿಲ್ಲಿಸುವ ಔಷಧಿ ಆಕ್ಸಿಟೋಸಿನ್ ಫ್ರಿಜ್‌ನಲ್ಲಿದೆ, ಫ್ರಿಜ್ ಇರುವ ಕೋಣೆಗೆ ರಾತ್ರಿ ಬೀಗ, ಬೀಗದ ಕೈ ಇನ್ನೊಂದು ಮಹಡಿಯಲ್ಲಿ. ಆಕ್ಸಿಜನ್ ಸಿಲಿಂಡರ್ ಇದೆ, ತೆರೆಯುವ ಸ್ಪ್ಯಾನರ್ ಇಲ್ಲ. ಲಿಫ್ಟ್‌ನಲ್ಲಿ ಮಂಚ ಹಿಡಿಸುತ್ತದೆ, ಮಂಚದ ಪಕ್ಕ ನಿಂತು ಎದೆ ಒತ್ತುವವರು ಹಿಡಿಸುವುದಿಲ್ಲ. ಇಂಥವು ತರಬೇತಿ ಕೇಂದ್ರದ ನುಣುಪಾದ ಕೋಣೆಯಲ್ಲಿ ಸಾಯುವ ತನಕ ಆಡಿದರೂ ಸಿಗುವುದಿಲ್ಲ. ಪ್ರತಿಯೊಂದರ ಎದುರು ಯಾರು ಸರಿಮಾಡುತ್ತಾರೆ, ಎಷ್ಟರೊಳಗೆ ಅಂತ ಬರೆಸಿಕೊಂಡು ನಾನು ಬೆನ್ನು ಹತ್ತುತ್ತೇನೆ. ಜನಕ್ಕೆ ನಾನು ಇಷ್ಟವಾಗದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಆ ಫ್ರಿಜ್ ಮುಂದಿನ ಸಲವೂ ಬೀಗದೊಳಗೇ ಇದ್ದರೆ ವಾರ್ಡ್‌ನವರು ನಮ್ಮನ್ನು ನೋಡಿ ಮುಖ ತಿರುಗಿಸುವುದು ಖಂಡಿತ.

ಇನ್ನು ಫೀಡ್‌ಬ್ಯಾಕ್ ಫಾರ್ಮ್. ಎಲ್ಲರೂ ಐದಕ್ಕೆ ಐದು ಹಾಕುತ್ತಾರೆ. ಪಕ್ಕಕ್ಕಿಡಿ. ಎದೆ ಎಷ್ಟು ಆಳ ಒತ್ತಿದರು, ನಿಮಿಷಕ್ಕೆ ಎಷ್ಟು ಸಲ ಒತ್ತಿದರು ಅನ್ನುವುದನ್ನು ಗೊಂಬೆಯೇ ಅಳೆಯುತ್ತದೆ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್, ನಿಮಿಷಕ್ಕೆ 100ರಿಂದ 120. ಕಲಿತ ದಿನ ಎಲ್ಲರದೂ ಸರಿ ಇರುತ್ತದೆ, ಕೆಲವು ತಿಂಗಳು ಬಿಟ್ಟು ನೋಡಿದರೆ ಕೈ ಇಳಿದಿರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಇಡೀ ದಿನ ಕೂರಿಸುವುದಕ್ಕಿಂತ ವಾರ್ಡ್ ಪಕ್ಕದಲ್ಲೇ ಒಂದು ಸಾದಾ ಗೊಂಬೆ ಇಟ್ಟು ಆಗಾಗ ಹತ್ತು ನಿಮಿಷ ಮಾಡಿಸುವುದು ಮೇಲು.

ಸಾದಾ ಗೊಂಬೆ ಅಂದೆನಲ್ಲ, ದುಡ್ಡಿನ ಮಾತಿಗೆ ಬರುತ್ತೇನೆ. ದುಬಾರಿ ಗೊಂಬೆಗೆ ಕೊಂಡ ದಿನದ ಬೆಲೆಯೊಂದೇ ಅಲ್ಲ, ಪ್ರತಿ ವರ್ಷದ ಮೇಂಟೆನೆನ್ಸ್, ಹರಿದ ಚರ್ಮ, ತೂತಾದ ರಕ್ತನಾಳ, ಮುಖ್ಯವಾದ ದಿನವೇ ಕೈಕೊಡುವ ವೈಫೈ. ಹೆರಿಗೆ ತರಬೇತಿಗೆ ನಾನು ಇಷ್ಟಪಡುವುದು ಹೊಟ್ಟೆಗೆ ಕಟ್ಟಿಕೊಳ್ಳುವ ಸಾಧನವನ್ನು. ಸಿಬ್ಬಂದಿಯಲ್ಲೇ ಒಬ್ಬರು ಕಟ್ಟಿಕೊಂಡು ಮಲಗುತ್ತಾರೆ, ರಕ್ತ ಹೋಗುವುದನ್ನು ಕೈಯಲ್ಲೇ ನಿಯಂತ್ರಿಸುತ್ತಾರೆ, ನೋವಾದರೆ ಕಿರುಚುತ್ತಾರೆ, "ನನ್ನ ಮಗು ಎಲ್ಲಿ" ಅಂತ ಕೇಳುತ್ತಾರೆ. ಗೊಂಬೆ ಇದ್ದಾಗ ಯಾರೂ ಅದರ ಮುಖ ನೋಡುವುದಿಲ್ಲ, ಮಾನಿಟರ್ ನೋಡುತ್ತಾರೆ. ಇಲ್ಲಿ ಕೈ ಹಿಡಿದುಕೊಂಡು ಮಾತಾಡಲೇಬೇಕಾಗುತ್ತದೆ.

ಈ ಕೆಲಸಕ್ಕೆ ಬರಬೇಕು ಅನ್ನುವವರು ಆಗಾಗ ಮೆಸೇಜ್ ಮಾಡುತ್ತಾರೆ. ನರ್ಸಿಂಗ್‌ನಿಂದ ಬಂದವರಿದ್ದಾರೆ, ಪ್ಯಾರಾಮೆಡಿಕ್‌ಗಳಿದ್ದಾರೆ, ಎಂಜಿನಿಯರ್‌ಗಳೂ ಇದ್ದಾರೆ, ಡಿಗ್ರಿ ಅಷ್ಟು ದೊಡ್ಡ ವಿಷಯ ಅಲ್ಲ. ಇಂಟರ್‌ವ್ಯೂನಲ್ಲಿ ನೀವೂ ಎರಡು ಪ್ರಶ್ನೆ ಕೇಳಿ. ವಿಡಿಯೊ ಯಾರ ಕೈಯಲ್ಲಿರುತ್ತದೆ? ನೈಟ್ ಶಿಫ್ಟ್‌ನವರಿಗೆ ತರಬೇತಿ ಯಾವಾಗ? ಎರಡನೆಯದಕ್ಕೆ "ಅವರ ರಜೆ ದಿನ ಬರುತ್ತಾರೆ" ಅಂದರೆ, ಆ ದಿನದ ಸಂಬಳ ಕೊಡುತ್ತೀರಾ ಅಂತ ಅಲ್ಲೇ ಕೇಳಿಬಿಡಿ.